ತವರಿನ ಮಾಳಿಗೆಯ ಬಿಸಿಲು

ಗೋಧಿ ನೆನೆದು ಹುಳಿ ಬಂದ ವಾಸನೆ ಮೂಗಿಗೆ ಬಡಿದರೆ ಬೇರೆಯವರಿಗೆ ಬೇಸಿಗೆ ನೆನಪಾಗುತ್ತದೆ. ನನಗೆ ಸಿಟ್ಟು ಬರುತ್ತದೆ. ಮೊನ್ನೆ ಅಂಗಡಿಗಳಿಗೆ ಮಾಲು ಕೊಡಲು ಸುರಪುರಕ್ಕೆ ಹೋಗಿದ್ದೆ. ಗುಡ್ಡದ ಕಡೆ ಏರುವ ಒಂದು ಓಣಿಯಲ್ಲಿ, ಯಾರದೋ ಮನೆಯ ಕಟ್ಟೆಯ ಮೇಲೆ ಗೋಧಿ ಹಾಲಿನ ಬೋಗುಣಿ ಇಟ್ಟಿದ್ದರು. ವಾಸನೆಗೆ ಕಾಲು ತಾನಾಗಿ ನಿಂತಿತು. ತಲೆ ಎತ್ತಿ ನೋಡಿದರೆ ಅದೇ ಮನೆಯ ಮಾಳಿಗೆಯ ತುಂಬ ಸೋಲಾರ್ ಹಲಗೆಗಳು, ಒಂದು ಗೇಣು ಜಾಗ ಬಿಡದೆ. ತಡೆಯಲಾಗಲಿಲ್ಲ. "ಇದನ್ನ ಎಲ್ಲಿ ಒಣಹಾಕ್ತಿಯವ್ವ?" ಎಂದು ಕೇಳಿಯೇ ಬಿಟ್ಟೆ. ಆ ಮನೆಯಾಕೆ ಗುರುತು ಪರಿಚಯವಿಲ್ಲದ ನನ್ನನ್ನು ಮೇಲಿಂದ ಕೆಳಗೆ ನೋಡಿ, "ರಸ್ತಾದ ಮ್ಯಾಲ, ಮತ್ತೆಲ್ಲಿ?" ಎಂದಳು. ಬಸ್ಸು ಹತ್ತಿ ಶಹಾಪುರಕ್ಕೆ ಬರುವವರೆಗೂ ನನ್ನ ಮೈ ಉರಿಯುತ್ತಲೇ ಇತ್ತು.

ಗೋಧಿಯನ್ನು ನೆನೆಹಾಕಿ, ರುಬ್ಬಿ, ಹಾಲು ತೆಗೆದು, ಹುಳಿ ಬರಿಸಿ, ಕುದಿಸಿ, ಚಕ್ಕುಲಿ ಒರಳಿನಲ್ಲಿ ಒತ್ತಿ ಮಾಡುವ ಸಂಡಿಗೆಗೆ ನಮ್ಮ ಕಡೆ ಕುರಡಿಗೆ ಅನ್ನುತ್ತಾರೆ. ಮದುವೆ, ಸೀಮಂತ, ಜವಳ, ಯಾವ ಊಟಕ್ಕೂ ಎಲೆಯ ತುದಿಗೆ ಅದು ಬೇಕು. ನಾನು ಅದನ್ನು ಮಾಡಿ ಮಾರುತ್ತೇನೆ. ಜೊತೆಗೆ ಜೋಳದ ಹಪ್ಪಳ, ಶಾವಿಗೆ, ಒಣರೊಟ್ಟಿ. ಶಹಾಪುರ, ಸುರಪುರ, ಯಾದಗಿರಿಯ ಕಿರಾಣಿ ಅಂಗಡಿಗಳಲ್ಲಿ ನನ್ನ ಪಾಕೀಟುಗಳು ಸಿಗುತ್ತವೆ. ಈ ಕೆಲಸಕ್ಕೆ ಹಿಟ್ಟು, ಉಪ್ಪು, ಕೈಬಲ ಇದ್ದರೆ ಸಾಲದು, ಬಿಸಿಲು ಬೇಕು. ಬಿಸಿಲೇನೋ ನಮ್ಮ ಜಿಲ್ಲೆಯಲ್ಲಿ ಸಾಕು ಸಾಕೆನ್ನುವಷ್ಟು ಇದೆ, ಆದರೆ ಅದು ಸ್ವಚ್ಛವಾಗಿ ಬೀಳಲು ಒಂದು ಮಾಳಿಗೆ ಬೇಕಲ್ಲ. ನನಗೆ ಮಾಳಿಗೆ ಇರಲಿಲ್ಲ. ನಾನೂ ನಮ್ಮ ಮನೆಯವರೂ ಇರುವುದು ಬಾಡಿಗೆ ಮನೆಯಲ್ಲಿ. ಮೇಲೆ ಪತ್ರಾಸಿನ ತಗಡು. ನಮ್ಮ ಮನೆಯವರು ಹತ್ತಿ ಜಿನ್ನಿಂಗಿನಲ್ಲಿ ದುಡಿಯುತ್ತಾರೆ, ಮಾತು ಕಡಿಮೆ, ಅವರ ಪಾಲಿನ ಮಾತನ್ನೂ ನಾನೇ ಆಡುತ್ತೇನೆ.

ತವರು ಎರಡು ಓಣಿ ದಾಟಿದರೆ ಸಿಗುತ್ತದೆ. ಅಲ್ಲಿ ಅಪ್ಪ ಕಟ್ಟಿಸಿದ ಮನೆ, ಮೇಲೆ ಗಟ್ಟಿ ಸ್ಲ್ಯಾಬು, ಹೊರಗಿನಿಂದಲೇ ಮೆಟ್ಟಿಲು. ಆ ಸ್ಲ್ಯಾಬು ಹಾಕಿಸಿದ ಬೇಸಿಗೆಯಲ್ಲಿ ಅಣ್ಣ ಕಲಬುರ್ಗಿಯ ಹಾಸ್ಟೆಲಿನಲ್ಲಿದ್ದ. ಮಣ್ಣಿನ ಒಡ್ಡು ಕಟ್ಟಿ ಸ್ಲ್ಯಾಬಿನ ಮೇಲೆ ನೀರು ನಿಲ್ಲಿಸಬೇಕಲ್ಲ, ಆ ನೀರನ್ನು ಬೋರಿನಿಂದ ಕೊಡದಲ್ಲಿ ಹೊತ್ತವರು ನಾನೂ ಅವ್ವನೂ. ನಡುನೆತ್ತಿಯ ಕೂದಲು ಉದುರುವಷ್ಟು ಹೊತ್ತಿದ್ದೆ. ಮದುವೆಯಾದ ಮೇಲೂ ಪ್ರತಿ ಬೇಸಿಗೆ ಬೋಗುಣಿ ಎತ್ತಿಕೊಂಡು ಆ ಮೆಟ್ಟಿಲು ಹತ್ತಿದ್ದೇನೆ. ಅಪ್ಪ ಇರುವವರೆಗೆ ಯಾರೂ ಕೇಳಲಿಲ್ಲ. ಅಪ್ಪ ಹೋದ ಮೇಲೂ ಕೇಳಲಿಲ್ಲ. ಕೇಳಿದ್ದು ಸರ್ಕಾರ ಬಿಸಿಲಿಗೆ ರೊಕ್ಕ ಕೊಡುತ್ತದೆ ಎಂಬ ಸುದ್ದಿ ಓಣಿಗೆ ಬಂದ ಮೇಲೆ.

ಆ ವರ್ಷ ಶಿವರಾತ್ರಿ ಮುಗಿಯುವ ಮೊದಲೇ ಬಿಸಿಲು ಏರಿತ್ತು. ಕಾಲುವೆಯ ನೀರು ಬಂದ್ ಆಗಿತ್ತು. ಮಧ್ಯಾಹ್ನ ಕಾಳಿನ ಪೇಟೆಯಾದ ಗಂಜಿನ ರಸ್ತೆಯಲ್ಲಿ ನಾಯಿಯೂ ತಿರುಗುತ್ತಿರಲಿಲ್ಲ. ಅಂಥದರಲ್ಲಿ ಕೊರಳಿಗೆ ಗುರುತಿನ ಕಾರ್ಡಿನ ಪಟ್ಟಿ ಹಾಕಿಕೊಂಡ ಸೋಲಾರ್ ಏಜೆಂಟರು ಮಾತ್ರ ಓಣಿ ಓಣಿ ತಿರುಗುತ್ತಿದ್ದರು. ಮನೆಯ ಮೇಲೆ ಹಲಗೆ ಹಾಕಿಸಿದರೆ ಸಬ್ಸಿಡಿ ಬರುತ್ತದೆ, ಉಳಿದದ್ದಕ್ಕೆ ಬ್ಯಾಂಕು ಕಡಿಮೆ ಬಡ್ಡಿಗೆ ಸಾಲ ಕೊಡುತ್ತದೆ, ಹೆಚ್ಚಾದ ಕರೆಂಟನ್ನು ಸರ್ಕಾರವೇ ಕೊಂಡುಕೊಳ್ಳುತ್ತದೆ. ನಮ್ಮ ಬಾಡಿಗೆ ಮನೆಯ ಬಾಗಿಲಿಗೂ ಒಬ್ಬ ಬಂದ. ಪತ್ರಾಸು ನೋಡಿದ, ಸ್ವಂತದ್ದೇ ಎಂದು ಕೇಳಿದ, ಅಲ್ಲ ಅಂದೆ, ಕೈಯಲ್ಲಿದ್ದ ಚೀಟಿಯನ್ನೂ ಕೊಡದೆ ಮುಂದೆ ಹೋದ. ಪತ್ರಾಸಿನ ಕೆಳಗೆ ಬೇಯುವವರಿಗೆ ಬಿಸಿಲಿನ ರೊಕ್ಕ ಇಲ್ಲ. ಸ್ಲ್ಯಾಬಿನ ಕೆಳಗೆ ಏಸಿ ಹಾಕಿಕೊಂಡು ಮಲಗಿದವರಿಗೆ ಇದೆ. ಈ ಲೆಕ್ಕ ನನ್ನ ತಲೆಗೆ ಆಗಲೂ ಹತ್ತಲಿಲ್ಲ, ಈಗಲೂ ಹತ್ತಿಲ್ಲ.

ಅಣ್ಣನಿಗೆ ಏಸಿ ಇತ್ತು. ಗಂಜಿನಲ್ಲಿ ಅವನದು ರೈತರ ಮಾಲು ಕಮಿಷನ್ನಿಗೆ ಮಾರಿಕೊಡುವ ಅಡತ್ ಅಂಗಡಿ, ಕೈಯಲ್ಲಿ ನಾಲ್ಕು ಕಾಸು ಆಡುತ್ತಿತ್ತು. ಕರೆಂಟು ಒಂದು ಮಿತಿಯವರೆಗೆ ಎಲ್ಲರಿಗೂ ಪುಗಸಟ್ಟೆಯೇ. ಆದರೆ ಬೇಸಿಗೆಯಲ್ಲಿ ಅಣ್ಣನ ಮನೆಯ ಏಸಿ, ಎರಡು ಕೂಲರು, ದೊಡ್ಡ ಫ್ರಿಜ್ಜು ಸೇರಿ ಆ ಮಿತಿಯನ್ನು ಹಾರಿ ಹೋಗುತ್ತಿತ್ತು, ಆಗ ಪೂರ್ತಿ ಬಿಲ್ಲು ಬರುತ್ತಿತ್ತು. ಬಿಲ್ಲು ಬಂದ ದಿನ ಅವನು ಊಟದ ತಾಟಿನ ಮುಂದೆ ಕೂತು ಸರ್ಕಾರವನ್ನು ಬೈಯುತ್ತಿದ್ದ. ಸಬ್ಸಿಡಿಯ ಸುದ್ದಿ ಬಂದ ಮೇಲೆ ಅದೇ ಸರ್ಕಾರ ಅವನಿಗೆ ದೇವರಾಯಿತು.

ನನಗೆ ಗೊತ್ತಾದದ್ದು ಬೂಟಿನ ಸಪ್ಪಳದಿಂದ. ಮಾಳಿಗೆಯ ಮೇಲೆ ಅಪ್ಪನ ಹಳೆಯ ಧೋತರ ಹಾಸಿ, ಮೂಲೆಗೆ ಕಲ್ಲಿಟ್ಟು, ಕುರಡಿಗೆ ಒತ್ತುತ್ತಾ ಕೂತಿದ್ದೆ. ಅಣ್ಣನ ಹಿಂದೆ ಏಜೆಂಟ್ ಹತ್ತಿ ಬಂದ. ಕಲಬುರ್ಗಿ ಕಡೆಯ ಎಳೆ ವಯಸ್ಸಿನವನು, ಕೈಯಲ್ಲಿ ಟೇಪು. ಸೀದಾ ನನ್ನ ಧೋತರದ ಮೇಲೆ ಕಾಲಿಟ್ಟ.

"ಅಕ್ಕಾರ, ಜರಾ ಬಾಜೂಕ ಸರೀರಿ, ಅಳತಿ ತೊಗೋಬೇಕು."

"ಬೂಟು ಬಿಡ್ರಿ ಮೊದಲ," ಅಂದೆ. "ತಿನ್ನೋ ವಸ್ತು ಅದ ಅದು."

ಅವನು ಬೂಟು ಬಿಚ್ಚಲಿಲ್ಲ, ಒಂದು ಹೆಜ್ಜೆ ಹಿಂದೆ ಸರಿದ, ಅಷ್ಟೆ. "ಇದು ದಕ್ಷಿಣದ ಮಗ್ಗಲು ಅದ ರೀ. ಹಲಗಿ ಇಲ್ಲೇ ಕೂಡಬೇಕು. ಬಿಸಲು ಇಲ್ಲೇ ಭಾಳ."

"ಅದಕ್ಕೇ ನಾ ಇಲ್ಲಿ ಕುಂತೀನಿ," ಅಂದೆ.

ಅಣ್ಣ ನಕ್ಕು ಮಾತು ಹಾರಿಸಿದ. ನನಗೆ ನಗು ಬರಲಿಲ್ಲ. ಧೋತರದ ಮೇಲೆ ಬೂಟಿನ ಅಚ್ಚು ಬಿದ್ದ ಕಡೆಯ ಕುರಡಿಗೆಯನ್ನೆಲ್ಲ ಕಿತ್ತು ಓಣಿಯ ಎಮ್ಮೆಗೆ ಹಾಕಿದೆ.

ಸಂಜೆ ಅಣ್ಣ ನನ್ನನ್ನು ಪಡಸಾಲೆಗೆ ಕರೆದ. ಅವ್ವ ಗೋಡೆಗೆ ಒರಗಿ ಕೂತಿದ್ದಳು. ಅಣ್ಣನ ಹೆಂಡತಿ, ನನ್ನ ವೈನಿ, ಚಹಾ ತಂದಿಟ್ಟು ಅಲ್ಲೇ ಬಾಗಿಲಿಗೆ ನಿಂತರು. ನನಗೆ ಚಹಾ ಕೇಳದೆ ತಂದಿಟ್ಟರೆ ಏನೋ ಇದೆ ಎಂದು ಅರ್ಥ.

"ಗಿರಿಜಾ, ಸರ್ಕಾರ ರೊಕ್ಕ ಕೊಡಾಕತ್ತದ," ಅಣ್ಣ ಶುರು ಮಾಡಿದ. "ಬಿಟ್ರ ಮೂರ್ಖರಾಗ್ತೀವಿ. ಆದ್ರ ಮನಿ ಅಪ್ಪನ ಹೆಸರಿಲೆ ಅದ, ಮೀಟರ್ ಅಪ್ಪನ ಹೆಸರಿಲೆ ಅದ. ಸತ್ತವ್ರಿಗೆ ಸಬ್ಸಿಡಿ ಕೊಡಂಗಿಲ್ಲ. ಎಲ್ಲಾ ನನ್ನ ಹೆಸರಿಗೆ ಆಗ್ಬೇಕು. ಅವ್ವ ಸಹಿ ಮಾಡ್ತಾಳ. ನೀ ಒಂದು ನಿನ್ನ ಹಕ್ಕು ಬಿಟ್ಟುಕೊಟ್ಟಿ ಅಂದ್ರ ಕೆಲಸ ಆತು."

"ಬಿಸಲು ಹಿಡಿಯೋ ಹಲಗಿ ಹಾಕಾಕ ನನ್ನ ಹಕ್ಕು ಯಾಕ ಬಿಡಬೇಕು?"

"ಕಾನೂನು ಹಂಗದ. ನಾ ಏನ್ ಮಾಡ್ಲಿ?"

"ಹಲಗಿ ಹಾಕಿದ ಮ್ಯಾಲ ನಾ ಕುರಡಿಗಿ ಎಲ್ಲಿ ಹಾಕ್ಲಿ?"

ಇದಕ್ಕೆ ವೈನಿ ಬಾಗಿಲಿನಿಂದಲೇ ಉತ್ತರ ಕೊಟ್ಟರು. "ಕುರಡಿಗಿ ಏನ್ ದೊಡ್ಡ ಮಾತು ಗಿರಿಜವ್ವ? ಈಗ ಅಂಗಡ್ಯಾಗ ಪಾಕೀಟಿನಾಗ ಬರ್ತಾವ."

"ಆ ಪಾಕೀಟು ಮಾಡಾಕಿನೇ ನಾ, ವೈನಿ."

ಚಹಾ ಕುಡಿಯದೆ ಎದ್ದು ಬಂದೆ. ಬರುವಾಗ ಅವ್ವನ ಮುಖ ನೋಡಿದೆ. ಅವಳು ಸೆರಗಿನ ಅಂಚು ಹಿಂಡುತ್ತ ಕೂತಿದ್ದಳು. ಅವ್ವ ಈರಮ್ಮ ಜೋರು ಹೆಣ್ಣಲ್ಲ. ಮರುದಿನ ಮೆಲ್ಲಗೆ ನಮ್ಮ ಮನೆಯ ತನಕ ನಡೆದು ಬಂದು, ಪತ್ರಾಸಿನ ಕೆಳಗೆ ಬೆವರು ಒರೆಸಿಕೊಳ್ಳುತ್ತ, "ಕೊಟ್ಟುಬಿಡು ಯವ್ವ," ಅಂದಳು. "ನಾನೂ ನನ್ನ ತವರಾಗ ಕೊಟ್ಟೀನಿ. ಹೆಣ್ಣಮಕ್ಕಳು ಕೊಡೂದು ಹೊಸದಲ್ಲ. ಅಣ್ಣನ ಕೂಡ ಕೆಡಿಸ್ಕೊಬ್ಯಾಡ."

ಅಣ್ಣನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನನಗೆ ಅವ್ವನ ಮೇಲೆ ಬಂತು. ನೀರಿನ ಕೊಡ ಹೊತ್ತ ಅದೇ ಅವ್ವ. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಅವಳಿಗೆ ಮಜ್ಜಿಗೆ ಕೊಟ್ಟೆ.

ಆಮೇಲೆ ಅಣ್ಣ ಮಾಡಿದ್ದು ನಮ್ಮ ಕಡೆಯ ಗಂಡಸರು ಮಾತ್ರ ಮಾಡುವಂಥ ತಪ್ಪು. ನಮ್ಮಲ್ಲಿ ಅಕ್ಕತಂಗಿಯರ ಕಡೆಯಿಂದ ಆಸ್ತಿಯ ಸಹಿ ತೆಗೆದುಕೊಳ್ಳಲು ಒಂದು ಪದ್ಧತಿ ಇದೆ. ಹೆಣ್ಣುಮಗಳನ್ನು ತವರಿಗೆ ಕರೆಸಿ, ಹಬ್ಬದ ಅಡುಗೆ ಉಣಿಸಿ, ಹೊಸ ಸೀರೆ ಉಡಿಸಿ ಉಡಿ ತುಂಬುತ್ತಾರೆ. ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಕೊಂಬು, ಉತ್ತತ್ತಿ, ಕುಬಸದ ಖಣ. ಓಣಿಯ ಹಿರಿಯ ಹೆಂಗಸರು ಸುತ್ತ ಕೂತು ನೋಡುತ್ತಿರುತ್ತಾರೆ. ಸೆರಗು ಭಾರವಾಗಿ, ಕಣ್ಣು ತುಂಬಿ ನಿಂತಾಗ ಕಾಗದ ಮುಂದೆ ಬರುತ್ತದೆ. ಆ ಹೊತ್ತಿಗೆ ಬೇಡ ಅಂದ ಹೆಣ್ಣನ್ನು ನಮ್ಮ ಓಣಿ ಅಲ್ಲಿಯವರೆಗೆ ಕಂಡಿರಲಿಲ್ಲ. ಹಾಗಾಗಿ ಅಣ್ಣ ಸೀರೆ ತಂದ ದಿನವೇ ಸಹಿ ಆಯಿತು ಅಂದುಕೊಂಡ. ಕಾಗದಪತ್ರ ಆಮೇಲೆ ನೋಡೋಣ ಎಂದು ಏಜೆಂಟನಿಗೆ ಮುಂಗಡ ಕೊಟ್ಟು, ಅಂಗಡಿಯ ಮೇಲೆ ಬ್ಯಾಂಕಿನ ಸಾಲ ಎತ್ತಿ, ಯುಗಾದಿಗೆ ಮೊದಲೇ ಹಲಗೆ ಕೂರಿಸಿಬಿಟ್ಟ.

ಯುಗಾದಿಯ ದಿನ ಬೇವು ಬೆಲ್ಲ ತಿಂದು ಮಾಳಿಗೆ ಹತ್ತಿದೆವು. ದಕ್ಷಿಣದ ಮಗ್ಗಲು ಪೂರ್ತಿ ಹೋಗಿತ್ತು. ಕಬ್ಬಿಣದ ಕಾಲುಗಳ ಮೇಲೆ ಇಳಿಜಾರಾಗಿ ಕೂತಿದ್ದ ಹಲಗೆಗಳಿಗೆ ವೈನಿ ಕುಂಕುಮ ಹಚ್ಚಿದರು, ಅಣ್ಣ ಕಾಯಿ ಒಡೆದ. ನಾನು ಕೂಡುತ್ತಿದ್ದ ಜಾಗದಲ್ಲಿ ಒಂದು ಕಬ್ಬಿಣದ ಕಾಲು ಊರಿತ್ತು, ಅದರ ಬುಡಕ್ಕೆ ಹಸಿ ಸಿಮೆಂಟು.

ಕೆಳಗೆ ಪಡಸಾಲೆಯಲ್ಲಿ ಹೋಳಿಗೆ ಊಟ. ಊಟ ಮುಗಿದ ಮೇಲೆ ಮಣೆ ಹಾಕಿದರು. ಓಣಿಯ ಹಿರಿಯಳಾದ ನೀಲಮ್ಮಾಯಿ, ಪಕ್ಕದ ಮನೆಯ ಹೆಂಗಸರು, ಎಲ್ಲ ಬಂದು ಕೂತರು. ವೈನಿ ಇಳಕಲ್ ಸೀರೆ ಕೊಟ್ಟರು, ಹಸಿರು ಒಡಲು, ಕೆಂಪು ಸೆರಗು. ಸೀರೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಉಟ್ಟು ಬಂದೆ. ಉಡಿ ತುಂಬಿದರು. ಸೆರಗು ಹಿಡಿದು ತಲೆ ತಗ್ಗಿಸಿ ಕೂತೆ, ಎಲ್ಲರೂ ಅದನ್ನು ದುಃಖ ಅಂದುಕೊಂಡರು. ಆಗ ಅಣ್ಣ ತಾಟಿನಲ್ಲಿ ಕಾಗದವನ್ನಿಟ್ಟು, ಅದರ ಮೇಲೆ ಒಂದು ಚಿಟಿಕೆ ಕುಂಕುಮ ಹಾಕಿ, ಪೆನ್ನು ಜೊತೆ ಮುಂದೆ ಹಿಡಿದ.

"ಹಬ್ಬ ಮುಗಿದ ಮ್ಯಾಲ ಆಫೀಸಿಗೆ ಹೋಗಿ ಪಕ್ಕಾ ಮಾಡೋಣು. ಈಗ ಇದರ ಮ್ಯಾಲ ಒಂದು ಸಹಿ ಹಾಕು ತಂಗಿ."

ನಾನು ಸೆರಗನ್ನು ಗಂಟು ಕಟ್ಟಿ ಸೊಂಟಕ್ಕೆ ಸಿಗಿಸಿಕೊಂಡೆ. "ಉಡಿ ಅಪ್ಪನ ಮನಿದು, ತೊಗೊಂಡೀನಿ," ಅಂದೆ. "ಕಾಗದ ನಿಂದು, ನೀ ಇಟ್ಕೊ ಅಣ್ಣ."

ಮೊದಲು ಬಾಯಿ ಬಿಟ್ಟಿದ್ದು ನೀಲಮ್ಮಾಯಿ. "ಉಡಿ ತೊಗೊಂಡು ಒಲ್ಲೆ ಅಂತಾಳಲ್ಲ! ಎಂಥಾ ಕಾಲ ಬಂತವ್ವ!" ಅಣ್ಣನ ಮುಖ ಕಪ್ಪಿಟ್ಟಿತು. ವೈನಿ ಸೀರೆಯನ್ನಾದರೂ ಬಿಚ್ಚಿಸಿಕೊಳ್ಳುತ್ತಾರೇನೋ ಅನ್ನುವ ಹಾಗೆ ಒಂದು ಹೆಜ್ಜೆ ಮುಂದೆ ಬಂದರು. ನಾನು ಅವ್ವನ ಕಾಲಿಗೆ ನಮಸ್ಕಾರ ಮಾಡಿ, ಹೊಸ ಸೀರೆಯಲ್ಲೇ ಓಣಿ ದಾಟಿ ಮನೆಗೆ ಬಂದೆ. ಬಂದು ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಅತ್ತೆ. ನಮ್ಮ ಮನೆಯವರು ಉಡಿಯ ಕೊಬ್ಬರಿ ಬಟ್ಟಲನ್ನು ದೇವರ ಮುಂದಿಟ್ಟು ಹೊರಗೆ ಹೋಗಿ ಕೂತರು.

ಅಲ್ಲಿಂದ ಆ ಬೇಸಿಗೆ ಪೂರ್ತಿ ಜಗಳ. ಹಲಗೆ ಕೂತಿತ್ತು, ಕರೆಂಟು ಹುಟ್ಟಲಿಲ್ಲ. ಕರೆಂಟನ್ನು ಒಳಗೂ ಹೊರಗೂ ಅಳೆಯುವ ಹೊಸ ಮೀಟರು ಬೇಕಂತೆ, ಅದನ್ನು ಸತ್ತವರ ಹೆಸರಿಗೆ ಕೊಡುವುದಿಲ್ಲವಂತೆ. ಮೀಟರು ಇಲ್ಲದೆ ಸಬ್ಸಿಡಿ ಇಲ್ಲ. ಸಾಲದ ಕಂತು ಮಾತ್ರ ಶುರುವಾಗಿತ್ತು. ಓಣಿಯಲ್ಲಿ ನಾನು ನಡೆದರೆ ಕಟ್ಟೆಯ ಮಾತು ನಿಲ್ಲುತ್ತಿತ್ತು. ಒಂದು ಸೀಮಂತಕ್ಕೆ ನನ್ನ ಕುರಡಿಗೆ ತರಿಸಿದರು, ನನ್ನನ್ನು ಕರೆಯಲಿಲ್ಲ. ತವರಿನ ಲಕ್ಷ್ಮಿಯನ್ನು ಕಟ್ಟಿಹಾಕಿದವಳು ಎಂದು ನೀಲಮ್ಮಾಯಿ ನನ್ನ ಕಿವಿಗೆ ಬೀಳುವ ಹಾಗೆ ಅಂದಳು. ನನಗೆ ನೋವಾಗಲಿಲ್ಲ ಅಂದರೆ ಸುಳ್ಳು. ನೋವಾದಷ್ಟೂ ನಾನು ಗಟ್ಟಿಯಾಗಿ ಸೆಟೆದೆ, ಅದು ನನ್ನ ಹುಟ್ಟುಗುಣ.

ಆದರೆ ಕೆಲಸ ನಿಲ್ಲಿಸಲಾಗುತ್ತದೆಯೇ? ಮದುವೆ ಕಾಲ, ಅಂಗಡಿಯವರು ಫೋನ್ ಮೇಲೆ ಫೋನ್. ಗೋಧಿ ಹುಳಿ ಬಂದು ಬೋಗುಣಿಯಲ್ಲಿ ಕುದಿಯಲು ಕಾಯುತ್ತಿತ್ತು. ಹುಳಿ ಬಂದ ಹಿಟ್ಟು ಅಣ್ಣತಂಗಿಯರ ಜಗಳ ಮುಗಿಯಲಿ ಎಂದು ಕಾಯುವುದಿಲ್ಲ. ಒಂದು ಮುಂಜಾನೆ ಬೋಗುಣಿ ಎತ್ತಿಕೊಂಡು ತವರಿನ ಮೆಟ್ಟಿಲು ಹತ್ತಿದೆ. ಉತ್ತರದ ಮಗ್ಗಲಿಗೆ ನೀರಿನ ಟ್ಯಾಂಕಿನ ನೆರಳು, ಹಲಗೆಗಳ ಕೆಳಗೆ ಹಲಗೆಗಳ ನೆರಳು. ದಿನವಿಡೀ ಬಿಸಿಲಿರುವುದು ಹಲಗೆಗಳ ಮೇಲೆಯೇ. ನಿಂತು ನೋಡಿದೆ. ಆಮೇಲೆ ಅಪ್ಪನ ಧೋತರವನ್ನು ನೀರಲ್ಲಿ ಅದ್ದಿ ಹಿಂಡಿ, ಆ ಗಾಜಿನ ಹಲಗೆಗಳ ಮೇಲೆಯೇ ಹಾಸಿ, ಕುರಡಿಗೆ ಒತ್ತಿದೆ. ಹಸಿ ಬಟ್ಟೆ ಗಾಜಿಗೆ ಅಂಟಿ ಕೂತಿತು, ಜಾರಲಿಲ್ಲ. ಕೆಳಗಿನಿಂದ ಗಾಜಿನ ಕಾವು, ಮೇಲಿನಿಂದ ಬಿಸಿಲು. ಎರಡು ದಿನ ಒಣಗುವ ಮಾಲು ಅಂದೇ ಮಧ್ಯಾಹ್ನಕ್ಕೆ ಗರಿಗರಿ. ಅಷ್ಟು ಬಿಳುಪಾದ ಕುರಡಿಗೆ ನಾನು ಅದುವರೆಗೆ ತೆಗೆದಿರಲಿಲ್ಲ.

ವೈನಿ ಬಟ್ಟೆ ಒಣಹಾಕಲು ಮೇಲೆ ಬಂದವರು ಕಿರುಚಿದ್ದು ಗಂಜಿನವರೆಗೂ ಕೇಳಿರಬೇಕು. ಅಣ್ಣ ಅಂಗಡಿ ಬಿಟ್ಟು ಗಾಡಿ ಹತ್ತಿ ಬಂದ.

"ತಲಿ ಕೆಟ್ಟದೇನು ನಿನಗ? ಎಷ್ಟರ ಮಾಲು ಗೊತ್ತದೇನು ಅದು?"

"ಸುಮ್ಮ ಬಿದ್ದಾವಲ್ಲ ಅಣ್ಣ," ಅಂದೆ. "ಸರ್ಕಾರದ ಕೆಲಸ ಮಾಡವಲ್ಲವು. ನನ್ನ ಕೆಲಸರ ಮಾಡ್ಲಿ."

ಅವನು ಧೋತರ ಎಳೆಯಲು ಕೈ ಹಾಕಿದ. ಅಪ್ಪನ ಧೋತರ ಎಂದು ಅಂಚಿನಿಂದ ಗುರುತು ಹಿಡಿದಿರಬೇಕು, ಕೈ ಹಿಂದೆ ತೆಗೆದ. "ನಡಿ ಹಂಗಾದ್ರ. ನಾಳಿ ಕರೆಂಟ್ ಆಫೀಸಿಗೆ ಬಾ. ನೀ ಯಾಕ ಒಲ್ಲೆ ಅಂತಿ ಅಂತ ಅಲ್ಲಿ ಎಲ್ಲಾರ ಮುಂದ ಹೇಳು."

"ಬರ್ತೀನಿ. ನನಗೇನು ನಾಚಿಕಿ?"

ಮರುದಿನ ಹೋದೆವು. ಅಣ್ಣ, ಏಜೆಂಟ್, ಅವ್ವ, ನಾನು. ಅವ್ವನನ್ನು ಸಹಿಗೆಂದು ಕರೆತಂದಿದ್ದ. ಆಫೀಸಿನಲ್ಲಿ ಕೂಲರಿನ ಮುಂದೆ ಜನ ನಿಂತಿದ್ದರು, ಕೌಂಟರಿನಲ್ಲಿ ಕನ್ನಡಕದ ಒಬ್ಬ ಮೇಡಂ. ಅಣ್ಣ ನನ್ನನ್ನು ತೋರಿಸಿ, ತಂಗಿ ಹಕ್ಕು ಬಿಡುವುದಿಲ್ಲ ಅನ್ನುತ್ತಿದ್ದಾಳೆ, ಅದಕ್ಕೇ ಸರ್ಕಾರದ ಯೋಜನೆ ನಿಂತಿದೆ ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿದ. ಸರ್ಕಾರವೇ ನನ್ನ ಮೇಲೆ ಕೇಸು ಹಾಕುತ್ತದೇನೋ ಅನ್ನುವ ಧಾಟಿ.

ಮೇಡಂ ಕನ್ನಡಕ ಮೇಲೆ ಮಾಡಿ ಅವನನ್ನು ನೋಡಿದರು, ಆಮೇಲೆ ಅವ್ವನ ಕಡೆ ಕೈ ಮಾಡಿದರು. "ಇವರು ಯಾರ್ರಿ? ತಾಯಿಯವರಾ?"

"ಹೌದ್ರಿ."

"ಮತ್ತ ಮೀಟರ್ ತಾಯಿಯವರ ಹೆಸರಿಗೆ ಮಾಡಸ್ರಿ. ಮನಿ ಖಾತಾ ಮೂರೂ ಮಂದಿ ಹೆಸರಿಗೆ ಆಗ್ಲಿ. ಮಗಾ ಮಗಳು ಇಬ್ಬರೂ ನಮ್ಮ ತಕರಾರಿಲ್ಲ ಅಂತ ಒಂದು ಒಪ್ಪಿಗಿ ಕೊಟ್ರ ಮುಗೀತು. ಸಬ್ಸಿಡಿ ತಾಯಿಯವರ ಖಾತಾಕ್ಕ ಬರ್ತದ. ಹಕ್ಕು ಬಿಡೋ ಮಾತು ಎಲ್ಲಿಂದ ಬಂತ್ರಿ ಇದರಾಗ?"

ಅಣ್ಣ ಏಜೆಂಟನ ಕಡೆ ತಿರುಗಿದ. ಏಜೆಂಟ್ ಬೆದರಿ, ತನ್ನ ತಲೆ ಉಳಿಸಿಕೊಳ್ಳಲು ಖರೆ ಮಾತು ಆಡಿಬಿಟ್ಟ. "ನಾ ಮೊದಲೇ ಹೇಳಿದ್ದೆ ನೋಡ್ರಿ ಸಾವುಕಾರ್ರ. ಅವ್ವಾರ ಹೆಸರಿಲೆ ಆಗ್ತದ ಅಂತ. ನೀವೇ ಬ್ಯಾಡ ಅಂದ್ರಿ."

ಆ ಹೊತ್ತಿನ ನನ್ನ ಸಿಟ್ಟನ್ನು ಹೇಗೆ ಬರೆಯಲಿ? ಇಷ್ಟು ದಿನ ಅಣ್ಣ ದಡ್ಡ, ಆಸೆಬುರುಕ, ಅಷ್ಟೇ ಅಂದುಕೊಂಡಿದ್ದೆ. ಕಾನೂನು ಹಾಗಿದೆ ಎಂದು ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದ. ಅವನಿಗೆ ಬೇಕಾದದ್ದು ಬಿಸಿಲಲ್ಲ, ಮನೆ. ಸರ್ಕಾರದ ಸಬ್ಸಿಡಿ ಒಂದು ನೆಪವಾಗಿ ಸಿಕ್ಕಿತ್ತು. ಅದಕ್ಕೇ ತಂಗಿ ಅನ್ನುತ್ತ ಹೋಳಿಗೆ ಉಣಿಸಿದ್ದ. ಕೌಂಟರಿನ ಮುಂದೆಯೇ ಅವನನ್ನು ಬೈದೆ. ಏನೇನು ಬೈದೆ ಎಂದು ಇಲ್ಲಿ ಬರೆಯುವುದು ಬೇಡ, ಜನ ಕೂಲರು ಬಿಟ್ಟು ನಮ್ಮ ಕಡೆ ಬಂದು ನಿಂತಿದ್ದರು. ಅಣ್ಣ ಹೊರಗೆ ನಡೆದ. ಏಜೆಂಟ್ ಅವನ ಹಿಂದೆ ಓಡಿದ.

ಅವ್ವ ಮಾತ್ರ ಅಲ್ಲೇ ಬೆಂಚಿನ ಮೇಲೆ ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ. ಅವಳು ನನ್ನ ಮುಖ ನೋಡದೆ ಮಾತಾಡಿದಳು.

"ನನ್ನ ತವರು ಕೆಂಭಾವ್ಯಾಗ ನಮ್ಮಣ್ಣಗೋಳು ನನಗೂ ಹಸರ ಸೀರೀನೇ ಕೊಟ್ಟಿದ್ರು. ಉಡಿ ತುಂಬಿ ಸಹಿ ತೊಗೊಂಡ್ರು. ಅವತ್ತಿಂದ ಒಂದು ಪಂಚಮಿಗರ ಕರದಾರೇನು? ಒಂದು ರೊಟ್ಟಿ ಉಣ್ಣಾಕರ ಕರದಾರೇನು? ಇದೆಲ್ಲಾ ಗೊತ್ತಿದ್ದೂ ನಿನಗ ಕೊಡು ಅಂದ್ನಲ್ಲ ನಾ. ಎಂಥಾ ಹುಚ್ಚಿ ನಾ."

"ಹೋಗ್ಲಿ ಬಿಡವ್ವ," ಅಂದೆ, ಬಾಯಿ ಮಾತಿಗೆ.

"ಯಾಕ ಬಿಡ್ಲಿ?" ಅಂದಳು ಅವ್ವ. ಎದ್ದಳು. ಕೌಂಟರಿನ ಹತ್ತಿರ ಹೋಗಿ, ಸಾಲಿನಲ್ಲಿ ನಿಂತವರನ್ನು ಮೊಣಕೈಯಿಂದ ಸರಿಸಿ, ಕಂಬಿ ಹಿಡಿದು ನಿಂತಳು. "ನನ್ನ ಹೆಸರು ಬರಕೋರಿ ಮೇಡಮ್ಮಾರ. ಈರಮ್ಮ."

ಕಾಗದಪತ್ರ ಮುಗಿದು ಹೊಸ ಮೀಟರು ಬರುವ ಹೊತ್ತಿಗೆ ಮುಂಗಾರು ಬಂದಿತ್ತು. ಅಣ್ಣ ಒಪ್ಪಿಗೆಗೆ ಸಹಿ ಹಾಕಿದ್ದು ಪ್ರೀತಿಯಿಂದಲ್ಲ, ಸಾಲದ ಕಂತಿನ ಭಾರಕ್ಕೆ. ನಾನೂ ಹಾಕಿದೆ, ಅದರಲ್ಲಿ ನನ್ನ ಹಕ್ಕು ಬಿಡುವ ಮಾತು ಇರಲಿಲ್ಲ. ಸಬ್ಸಿಡಿ ಅವ್ವನ ಖಾತೆಗೆ ಬಿತ್ತು. ಅದನ್ನು ಅವ್ವ ಆ ಸಾಲಕ್ಕೇ ಕಟ್ಟಿದಳು, ಆದರೆ ಮಗನ ಕೈಗೆ ಕೊಡಲಿಲ್ಲ, ತಾನೇ ಬ್ಯಾಂಕಿಗೆ ಹೋಗಿ ಕಟ್ಟಿ ಬಂದಳು. ಬಿಲ್ಲು ಅವ್ವನ ಹೆಸರಿಗೆ ಬರತೊಡಗಿತು. ಓದಲು ಬಾರದಿದ್ದರೂ ಪ್ರತಿ ತಿಂಗಳು ಅದನ್ನು ಕೈಗೆ ತೆಗೆದುಕೊಂಡು, ಹೆಸರು ಎಲ್ಲಿದೆ ಎಂದು ಯಾರಿಂದಲಾದರೂ ತೋರಿಸಿಕೊಳ್ಳುತ್ತಿದ್ದಳಂತೆ. ಅಣ್ಣ ನನ್ನೊಡನೆ ಮಾತು ಬಿಟ್ಟ. ಪಂಚಮಿಗೆ ಕರೆಯಲಿಲ್ಲ, ದೀಪಾವಳಿಗೂ ಇಲ್ಲ. ನಾನೂ ಹೋಗಲಿಲ್ಲ.

ಚಳಿಗಾಲ ಕಳೆದು ಮತ್ತೆ ಬಿಸಿಲು ಬಂತು. ಗೋಧಿ ನೆನೆಹಾಕಿದೆ. ಹಲಗೆಗಳ ಮೇಲೆ ಇನ್ನು ಹಾಸುವ ಹಾಗಿಲ್ಲ, ಅವು ಈಗ ದುಡಿಯುತ್ತಿದ್ದವು. ಮೂಡಣದ ಅಂಚಿಗೆ ಗೋಡೆಯ ಗುಂಟ ಅರ್ಧ ದಿನವಾದರೂ ಬಿಸಿಲು ಬೀಳುವ ಒಂದು ಧೋತರದಷ್ಟು ಜಾಗ ಉಳಿದಿತ್ತು, ಅದು ನನಗೆ ಸಾಕು ಎಂದು ಬೋಗುಣಿ ಎತ್ತಿಕೊಂಡು ಹೋದೆ. ಹೋದರೆ ಮೆಟ್ಟಿಲಿಗೆ ಕಬ್ಬಿಣದ ಗೇಟು, ಗೇಟಿಗೆ ಬೀಗ. ಕಿಟಕಿಯಿಂದ ವೈನಿ ಅಂದರು, "ಹಲಗಿ ಕಳವು ಆಗಾಕತ್ತಾವಂತ ಊರಾಗ. ಅದಕ್ಕ ಕೀಲಿ ಹಾಕ್ಸ್ಯಾರ."

ಕಳ್ಳಿ ಯಾರು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ನಾನು ಹೊತ್ತ ನೀರು ಕುಡಿದು ಗಟ್ಟಿಯಾದ ಮಾಳಿಗೆ, ಮನೆಯ ಖಾತೆಯಲ್ಲಿ ನನ್ನ ಹೆಸರೂ ಇದೆ, ಹತ್ತಲು ದಾರಿ ಇಲ್ಲ. ಬೋಗುಣಿಯನ್ನು ಮೆಟ್ಟಿಲ ಬುಡಕ್ಕೆ ಕುಕ್ಕಿ ಕೂತೆ. ಕುದಿಸಿದ ಹಿಟ್ಟು ಆರಿ ಗಟ್ಟಿಯಾದರೆ ಒರಳಿಗೆ ಇಳಿಯುವುದಿಲ್ಲ. ಹುಳಿ ವಾಸನೆ ಅಂಗಳದ ತುಂಬ ಹರಡಿತು. ಅಣ್ಣ ಒಳಗಿದ್ದ, ಏಸಿಯ ಗುಂಯ್ ಸಪ್ಪಳ ಹೊರಗೆ ಕೇಳುತ್ತಿತ್ತು. ಅವನನ್ನು ಕರೆಯಲು ನನ್ನ ನಾಲಿಗೆ ಏಳಲಿಲ್ಲ. ನೀಲಮ್ಮಾಯಿ ತನ್ನ ಕಟ್ಟೆಯ ಮೇಲೆ ಬಂದು ಆರಾಮಾಗಿ ಕೂತಳು, ನೋಡಲು.

ವಾಸನೆ ಹಿಡಿದು ಅವ್ವ ಹೊರಗೆ ಬಂದಳು. ಬೀಗ ನೋಡಿದಳು, ಬೋಗುಣಿ ನೋಡಿದಳು, ನನ್ನನ್ನು ನೋಡಿದಳು. ಮೀಟರಿನ ಡಬ್ಬಿ ಇದ್ದ ಗೋಡೆಯ ಹತ್ತಿರ ನಡೆದು, ಅದರ ಮೇಲೆ ಅಂಗೈ ಇಟ್ಟು ನಿಂತಳು. ಜೀವಮಾನದಲ್ಲಿ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಶಿವರಾಜಾ! ಈ ಮೀಟರ್ ನನ್ನ ಹೆಸರಿಲೆ ಅದ. ಗೇಟಿನ ಕೀಲಿ ತೆಗೀತಿಯೋ, ಆಫೀಸಿಗೆ ಹೋಗಿ ಕರೆಂಟ್ ತೆಗಸ್ಲೋ?"

ಒಳಗೆ ಏಸಿಯ ಸಪ್ಪಳ ನಿಂತಿತು. ಆಮೇಲೆ ಚಿಲಕ ಸರಿಯಿತು. ಅಣ್ಣ ನಮ್ಮಿಬ್ಬರ ಮುಖವನ್ನೂ ನೋಡದೆ ಬಂದು ಬೀಗ ತೆಗೆದು, ಕೀಲಿಕೈಯನ್ನು ಅವ್ವನ ಮುಂದೆ ಹಿಡಿದ. ಅವ್ವ ಅದನ್ನು ತೆಗೆದುಕೊಂಡು ಸೊಂಟಕ್ಕೆ ಸಿಗಿಸಿದಳು. ಇವತ್ತಿಗೂ ಅದು ಅಲ್ಲೇ ಇದೆ.